ರೇಡಿಯೇಟರ್ ಸೋರುತ್ತಿದೆಯೇ? ಮನೆಯಂಗಳದಲ್ಲೇ ಬದಲಿಸಬಹುದು

ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಘಾಟಿ ಹತ್ತುವಾಗ, ಬಾನೆಟ್ ಎತ್ತಿಕೊಂಡು ಹಬೆ ಬಿಡುತ್ತ ನಿಂತ ಕಾರನ್ನು ನೀವೂ ನೋಡಿರುತ್ತೀರಿ. ನನ್ನ ಹಳೆಯ ಸಣ್ಣ ಕಾರೂ ಒಮ್ಮೆ ಹಾಗೆ ನಿಂತಿತ್ತು. ಗ್ಯಾರೇಜಿನಲ್ಲಿ ಹೇಳಿದ ಮೊತ್ತ ಕೇಳಿ, ನಾನೇ ಕೈ ಹಾಕಿದರೇನು ಅನ್ನಿಸಿತು. ಹಾಕಿದೆ. ಬಿಚ್ಚಿ ಕಟ್ಟುವುದಕ್ಕೆ ಮೂರು ಗಂಟೆ ಹಿಡಿಯಿತು. ಆದರೆ ಬಿಚ್ಚುವ ಮೊದಲು ದೋಷ ಎಲ್ಲಿದೆ ಎಂದು ಹುಡುಕುವುದು, ಕಟ್ಟಿದ ಮೇಲೆ ಒಳಗಿನ ಗಾಳಿ ಹೊರಹಾಕುವುದು, ಈ ಎರಡರಲ್ಲಿ ಎಡವಿದರೆ ಉಳಿಸಿದ್ದರ ಹಲವು ಪಟ್ಟು ಎಂಜಿನ್ನಿಗೆ ಸುರಿಯಬೇಕಾಗುತ್ತದೆ.

ಕಾರಿನ ಮೂತಿಯ ಹಿಂದೆ ನಿಲ್ಲಿಸಿರುವ ಜಾಲರಿಯಂಥ ಚಪ್ಪಟೆ ಪೆಟ್ಟಿಗೆಯೇ ರೇಡಿಯೇಟರ್. ಎಂಜಿನ್ನಿನ ಬಿಸಿಯನ್ನು ಹೊತ್ತು ತರುವ ದ್ರವ ಕೂಲೆಂಟ್. ನೀರು, ಎಥಿಲೀನ್ ಗ್ಲೈಕಾಲ್, ತುಕ್ಕು ತಡೆಯುವ ಒಂದಿಷ್ಟು ರಾಸಾಯನಿಕ ಸೇರಿದ ಮಿಶ್ರಣ ಅದು. ವಾಟರ್ ಪಂಪ್ ಅದನ್ನು ಓಡಿಸುತ್ತಿರುತ್ತದೆ. ಬಿಸಿ ಕೂಲೆಂಟ್ ಒಂದು ಹೋಸ್, ಅಂದರೆ ದಪ್ಪ ರಬ್ಬರ್ ಪೈಪಿನಲ್ಲಿ ಬಂದು, ಪೆಟ್ಟಿಗೆಯ ತೆಳು ಕೊಳವೆಗಳಲ್ಲಿ ಗಾಳಿಗೆ ತಣಿದು, ಇನ್ನೊಂದು ಹೋಸಿನಲ್ಲಿ ಎಂಜಿನ್ನಿಗೆ ಮರಳುತ್ತದೆ. ಎಂಜಿನ್ನಿಗೂ ರೇಡಿಯೇಟರಿಗೂ ನಡುವಿನ ಬಾಗಿಲು ಥರ್ಮೋಸ್ಟಾಟ್. ಎಂಜಿನ್ 80 ಡಿಗ್ರಿ ದಾಟಿ ಸಾಕಷ್ಟು ಬಿಸಿಯಾಗುವವರೆಗೆ ಅದು ತೆರೆಯುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಇನ್ನು ರೇಡಿಯೇಟರಿನ ಮುಚ್ಚಳ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಈ ಮುಚ್ಚಳ ಕುಕ್ಕರಿನ ವೆಯ್ಟಿನ ಹಾಗೆ ಒತ್ತಡ ಹಿಡಿದಿಡುವುದರಿಂದ ಕೂಲೆಂಟ್ 115 ಡಿಗ್ರಿ ದಾಟಿದರೂ ಕುದಿಯದು. ಬಿಸಿ ಇದ್ದಾಗ ಮುಚ್ಚಳ ತಿರುಗಿಸಿದಿರೋ, ಒತ್ತಡ ತಟ್ಟನೆ ಇಳಿದು ಅಷ್ಟೂ ದ್ರವ ಕುದಿದು ಮುಖಕ್ಕೆ ಎರಚುತ್ತದೆ. ದಪ್ಪ ಬಟ್ಟೆ ಸುತ್ತಿ ತೆಗೆಯುತ್ತೇನೆ ಎನ್ನುವ ಧೈರ್ಯವೂ ಬೇಡ. ಎಂಜಿನ್ ಪೂರ್ತಿ ಆರಲಿ.

ರೇಡಿಯೇಟರ್ ಕೆಡುವುದಾದರೂ ಯಾಕೆ? ಅಂಬಾಸಿಡರ್ ಕಾಲದಲ್ಲಿ ಅದು ತಾಮ್ರ, ಹಿತ್ತಾಳೆಯದು. ತೂತು ಬಿದ್ದರೆ ಬೆಸುಗೆ ಹಾಕಿಸಿದರೆ ಆಯಿತು. ಈಗ ನಡುವಿನ ಜಾಲರಿ ಅಲ್ಯೂಮಿನಿಯಂ, ಅಂಚಿನ ಎರಡು ತೊಟ್ಟಿಗಳು ಪ್ಲಾಸ್ಟಿಕ್. ವರ್ಷಗಟ್ಟಲೆ ಕಾದು ತಣಿದ ಪ್ಲಾಸ್ಟಿಕ್ ಸೀಳುತ್ತದೆ, ಅಂಟು ಮೆತ್ತಿದರೆ ಒತ್ತಡಕ್ಕೆ ನಿಲ್ಲುವುದಿಲ್ಲ. ಇನ್ನೊಂದು ಶತ್ರು ನಮ್ಮ ಕೊಳವೆಬಾವಿ ನೀರು. ಗೀಸರಿನೊಳಗೆ ಕಟ್ಟುವ ಬಿಳಿ ಗಡಸು ಪದರವೇ ಇಲ್ಲಿಯೂ ಕಟ್ಟುತ್ತದೆ. ನನ್ನ ಕಾರಿಗೆ ಯಾರೋ ವರ್ಷಗಳ ಕಾಲ ಅದೇ ನೀರು ಸುರಿದಿದ್ದರು. ಕಳಚಿದ ಹೋಸಿನ ಬಾಯಲ್ಲಿ ಸುಣ್ಣದಂಥ ಚೂರುಗಳಿದ್ದವು. ಹಳೆಯ ಜೀಪ್ ಡ್ರೈವರುಗಳು ಸೋರಿಕೆ ನಿಲ್ಲಿಸಲು ಅರಿಶಿನ ಪುಡಿ ಹಾಕುತ್ತಿದ್ದರು. ಊರು ಮುಟ್ಟಿಸಲು ಅದು ಉಪಾಯವೇ. ಈಗಿನ ತೆಳು ಕೊಳವೆಗಳಿಗೆ ಮಾತ್ರ ಅದೇ ಕಂಟಕ.

ಕಾರು ಬಿಸಿಯಾದ ಮಾತ್ರಕ್ಕೆ ತಪ್ಪು ರೇಡಿಯೇಟರಿನದೇ ಎಂದುಕೊಳ್ಳಬೇಡಿ. ಮುಚ್ಚಳದ ರಬ್ಬರ್ ಹೋಗಿರಬಹುದು, ಫ್ಯಾನ್ ತಿರುಗದಿರಬಹುದು, ಥರ್ಮೋಸ್ಟಾಟ್ ಮುಚ್ಚಿಯೇ ಉಳಿದಿರಬಹುದು. ಇವೆಲ್ಲ ರೇಡಿಯೇಟರಿಗಿಂತ ಅಗ್ಗ. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿಟ್ಟು ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ ನೋಡಿ. ತೊಟ್ಟಿಯ ಅಂಚಿನಲ್ಲಿ ಹಸಿರೋ ಕೆಂಪೋ ಒಣ ಕಲೆ ಇದ್ದರೆ ಅನುಮಾನವಿಲ್ಲ, ಸೋರಿಕೆ ಅಲ್ಲೇ. ಎಂಜಿನ್ ಆಯಿಲ್ ಅಳೆಯುವ ಕಡ್ಡಿಯನ್ನೂ ಎಳೆದು ನೋಡಿ. ಆಯಿಲ್ ಹಾಲು ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಕೂಲೆಂಟ್ ಎಂಜಿನ್ನಿನೊಳಗೇ ಸೇರುತ್ತಿರಬಹುದು. ಆಗ ಸ್ಪ್ಯಾನರ್ ಕೆಳಗಿಡಿ, ಮೆಕ್ಯಾನಿಕ್ಕನ್ನು ಕರೆಯಿರಿ. ವಾರಂಟಿ ಇರುವ ಕಾರು, ಗೇರ್ ಆಯಿಲ್ ತಣಿಸುವ ಪೈಪುಗಳು ರೇಡಿಯೇಟರಿಗೇ ಸೇರಿರುವ ಆಟೋಮ್ಯಾಟಿಕ್ ಕಾರು ನಿಮ್ಮದಾದರೂ ಅಷ್ಟೇ.

ಖರ್ಚು ಎಷ್ಟು? ಸಣ್ಣ ಪೆಟ್ರೋಲ್ ಕಾರಿನ ಹೊಸ ರೇಡಿಯೇಟರಿಗೆ ಸುಮಾರು 2,500ರಿಂದ 5,000 ರೂಪಾಯಿ ಇಟ್ಟುಕೊಳ್ಳಿ. ಮಾಡೆಲ್ ಮತ್ತು ಕಂಪನಿ ನೋಡಿ ಏರಿಳಿಯುತ್ತದೆ. ಕೂಲೆಂಟ್ ಮೂರರಿಂದ ಐದು ಲೀಟರ್ ಬೇಕು. ನಿಮಗೆ ಉಳಿಯುವುದು ಮಜೂರಿ ಮತ್ತು ಬಿಡಿಭಾಗದ ಮೇಲೆ ಗ್ಯಾರೇಜಿನವರು ಇಟ್ಟುಕೊಳ್ಳುವ ಲಾಭ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಿವೆ. ಬೇರೆ ಊರುಗಳಲ್ಲಿ ಕಾರಿನ ಕಂಪನಿಯ ಅಧಿಕೃತ ಬಿಡಿಭಾಗದ ಮಳಿಗೆ ವಿಚಾರಿಸಿ. ಆರ್‌ಸಿಯ ನಕಲು ಜೊತೆಗಿರಲಿ, ಆಗುವುದಾದರೆ ಹಳೆಯ ರೇಡಿಯೇಟರನ್ನೇ ಆಟೋದಲ್ಲಿ ಹಾಕಿಕೊಂಡು ಹೋಗಿ. ಒಂದೇ ಹೆಸರಿನ ಕಾರಿನಲ್ಲೂ ಎ.ಸಿ. ಇರುವುದಕ್ಕೆ ಇಲ್ಲದ್ದಕ್ಕೆ, ಪೆಟ್ರೋಲಿಗೆ ಡೀಸೆಲ್‌ಗೆ ಅಳತೆ ಬೇರೆ ಇರಬಹುದು. ಹೊಸ ಮುಚ್ಚಳ, ಎರಡು ಹೋಸ್, ಕ್ಲಿಪ್ಪುಗಳನ್ನೂ ಆಗಲೇ ಕೊಳ್ಳಿ. ಹಳೆಯ ಹೋಸಿಗೆ ಹೊಸ ರೇಡಿಯೇಟರ್ ಕಟ್ಟುವುದು ಜಿಪುಣತನ.

ಈಗ ಕೆಲಸ. ಸಮತಟ್ಟಾದ ಜಾಗದಲ್ಲಿ, ತಣ್ಣಗಾದ ಕಾರಿಗೆ ಹ್ಯಾಂಡ್‌ಬ್ರೇಕ್ ಹಾಕಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಫ್ಯಾನ್ ತಾನಾಗಿ ತಿರುಗುವ ಭಯ ತಪ್ಪುತ್ತದೆ. ಕೆಳಗೆ ಅಗಲದ ಟಬ್ ಇಟ್ಟು, ರೇಡಿಯೇಟರಿನ ತಳದ ತಿರುಪು ಸಡಿಲಿಸಿ ಕೂಲೆಂಟ್ ಇಳಿಸಿ. ತಿರುಪು ಇಲ್ಲದಿದ್ದರೆ ಕೆಳಗಿನ ಹೋಸ್ ಕಳಚಿ. ಈ ದ್ರವ ವಿಷ, ಜೊತೆಗೆ ಸಿಹಿ. ಬೀದಿ ನಾಯಿ, ಬೆಕ್ಕು ನೆಕ್ಕಿದರೆ ಸಾಯುತ್ತವೆ. ಟಬ್ಬನ್ನು ಬಿಟ್ಟು ಕಾಫಿಗೆ ಹೋಗಬೇಡಿ, ಚರಂಡಿಗೂ ಚೆಲ್ಲಬೇಡಿ. ಹಳೆ ಆಯಿಲ್ ಸಂಗ್ರಹಿಸಿ ಕಳಿಸುವ ಸರ್ವಿಸ್ ಸೆಂಟರಿನಲ್ಲಿ ಇದನ್ನೂ ತೆಗೆದುಕೊಳ್ಳುತ್ತಾರೆಯೇ ಕೇಳಿ, ಬೇರೆ ಕ್ಯಾನಿನಲ್ಲಿ ಒಯ್ದು ಕೊಡಿ.

ಹೋಸ್ ಅಂಟಿಕೊಂಡಿದ್ದರೆ ಸ್ಕ್ರೂ ಡ್ರೈವರಿನಿಂದ ಮೀಟಬೇಡಿ, ಕೈಯಲ್ಲಿ ತಿರುಚಿ. ಹೇಗೂ ಹೊಸದಿದೆ, ಬ್ಲೇಡಿನಿಂದ ಸೀಳಿದರೂ ಸರಿ. ಫ್ಯಾನಿನ ವೈರ್ ಪ್ಲಗ್ ಕಿತ್ತು, ಬೋಲ್ಟುಗಳನ್ನು ಬಿಚ್ಚಿ (ಸಣ್ಣ ಕಾರುಗಳಲ್ಲಿ ಬಹುಪಾಲು 10 ಮತ್ತು 12 ನಂಬರಿನವು) ಫ್ಯಾನ್ ಸಮೇತ ಮೇಲಕ್ಕೆ ಎತ್ತಿ. ಕೆಲವು ಕಾರುಗಳಲ್ಲಿ ಬಂಪರ್ ತೆಗೆಯದೆ ಅದು ಹೊರಬರುವುದಿಲ್ಲ. ಮುಂದೆ ಅಂಥದ್ದೇ ಇನ್ನೊಂದು ಜಾಲರಿ ಕಾಣುತ್ತದೆ, ಅದು ಎ.ಸಿ.ಯ ಕಂಡೆನ್ಸರ್. ಅದರ ಪೈಪಿಗೆ ಮಾತ್ರ ಸ್ಪ್ಯಾನರ್ ಹಾಕಬೇಡಿ. ಗ್ಯಾಸ್ ರಭಸದಿಂದ ಹೊರನುಗ್ಗಿ ಕೈ, ಕಣ್ಣಿಗೆ ಅಪಾಯ. ತಳದ ರಬ್ಬರ್ ಬುಷ್‌ಗಳು ಹಳೆಯದರ ಜೊತೆ ಅಂಟಿಕೊಂಡು ಬರುತ್ತವೆ. ನಾನು ಅವನ್ನು ಮರೆತು ಒಂದು ಸಲ ಪೂರ್ತಿ ಕಟ್ಟಿ, ಮತ್ತೆ ಬಿಚ್ಚಿದ್ದೆ. ಬುಷ್‌ಗಳನ್ನೂ ಫ್ಯಾನನ್ನೂ ಹೊಸದಕ್ಕೆ ವರ್ಗಾಯಿಸಿ, ಬಿಚ್ಚಿದ ಕ್ರಮಕ್ಕೆ ವಿರುದ್ಧವಾಗಿ ಜೋಡಿಸಿ. ಬೋಲ್ಟುಗಳನ್ನು ಮೈಬಲ ತೋರಿಸಿ ಬಿಗಿಯಬೇಡಿ, ಪ್ಲಾಸ್ಟಿಕ್ ಸೀಳುತ್ತದೆ.

ಕಾರಿನ ಕೈಪಿಡಿ ಹೇಳುವ ಬಗೆಯ ಕೂಲೆಂಟನ್ನೇ ಹಾಕಿ. ರೆಡಿಮಿಕ್ಸ್ ತಂದರೆ ನೀರು ಬೆರೆಸುವ ಗೊಡವೆಯಿಲ್ಲ. ಕಾನ್ಸನ್ಟ್ರೇಟ್, ಅಂದರೆ ಗಟ್ಟಿ ದ್ರವ ತಂದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನು ಡಬ್ಬಿಯ ಮೇಲಿನ ಪ್ರಮಾಣದಲ್ಲಿ ಬೆರೆಸಿ. ನಿಧಾನವಾಗಿ ಸುರಿಯಿರಿ, ಅವಸರಿಸಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಗಾಳಿಗುಳ್ಳೆ ಇರುವ ಕಡೆ ಕೂಲೆಂಟ್ ಎಂಜಿನ್ನನ್ನು ಮುಟ್ಟುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳು ಸರಿಯಾಗಿಯೇ ಇದ್ದು ಎಂಜಿನ್ ಸುಡುವುದೂ ಉಂಟು.

ಗಾಳಿ ತೆಗೆಯುವುದು ಹೀಗೆ. ಬ್ಯಾಟರಿ ವೈರ್ ಮತ್ತೆ ಜೋಡಿಸಿ. ಕಾರಿನಲ್ಲಿ ಗಾಳಿ ಬಿಡುವ ತಿರುಪು ಕೊಟ್ಟಿದ್ದರೆ ಸಡಿಲಿಸಿ, ಕೂಲೆಂಟ್ ಜಿನುಗಿದ ಮೇಲೆ ಮುಚ್ಚಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ತೆಗೆದೇ ಎಂಜಿನ್ ಚಾಲೂ ಮಾಡಿ. ಮುಖ, ಕೈ ದೂರವಿರಲಿ. ಗುಳ್ಳೆಗಳು ಬರುತ್ತವೆ, ಮಟ್ಟ ಇಳಿಯುತ್ತದೆ, ತುಂಬುತ್ತಿರಿ. ಹತ್ತು ಹದಿನೈದು ನಿಮಿಷಕ್ಕೆ ಥರ್ಮೋಸ್ಟಾಟ್ ತೆರೆಯುತ್ತದೆ. ಆಗ ಮಟ್ಟ ದಿಢೀರನೆ ಕುಸಿದೀತು, ಗಾಬರಿ ಬೇಡ. ಎರಡೂ ಹೋಸ್ ಬಿಸಿಯಾಗಿ, ಡ್ಯಾಶ್‌ಬೋರ್ಡಿನಿಂದ ಬಿಸಿ ಗಾಳಿ ಬಂದು, ಗುಳ್ಳೆ ನಿಂತರೆ ಮುಚ್ಚಳ ಹಾಕಿ. ಫ್ಯಾನ್ ಒಮ್ಮೆ ತಾನೇ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಲಿ. ಅಷ್ಟರಲ್ಲಿ ಮುಳ್ಳು ಕೆಂಪಿನತ್ತ ಹೋದರೆ ತಕ್ಷಣ ಆಫ್ ಮಾಡಿ.

ಮೊದಲ ದಿನ ಬಡಾವಣೆಯೊಳಗೆ ಒಂದು ಸುತ್ತು ಸಾಕು. ಮರುದಿನ ಬೆಳಿಗ್ಗೆ ತಣ್ಣಗಿನ ಎಂಜಿನ್ನಿನಲ್ಲಿ ಮಟ್ಟ ನೋಡಿ. ಸ್ವಲ್ಪ ಇಳಿದಿದ್ದರೆ ಅದು ಉಳಿದ ಗಾಳಿ, ತುಂಬಿದರೆ ಸರಿ. ಮೂರನೆಯ ದಿನವೂ ಇಳಿಯುತ್ತಿದ್ದರೆ ಅದೇ ರಟ್ಟನ್ನು ಮತ್ತೆ ಕಾರಿನ ಕೆಳಗೆ ಹಾಸಿ. ಹಳೆಯ ರೇಡಿಯೇಟರಿನ ಅಲ್ಯೂಮಿನಿಯಂಗೆ ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಕಾಸು ಸಿಗುತ್ತದೆ.