ಪೊಟ್ಯಾಸಿಯಂ ಬಾಗಿಲು

ಬೆಂಗಳೂರಿನ ಜಯನಗರದ ಒಂಬತ್ತನೆಯ ಬ್ಲಾಕಿನಲ್ಲಿ, ಬನ್ನೇರುಘಟ್ಟ ರಸ್ತೆಯ ಬದಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯಿದೆ. ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಿಂದ ಮಾತ್ರವಲ್ಲ, ನಾಡಿನ ಮೂಲೆಮೂಲೆಗಳಿಂದಲೂ ಎದೆನೋವಿನವರು ಅಲ್ಲಿಗೆ ಬರುತ್ತಾರೆ. ಇಂತಹ ಯಾವುದಾದರೊಂದು ಚಿಕಿತ್ಸಾಲಯದಿಂದ ಔಷಧದ ಚೀಟಿ ಹಿಡಿದು ಹೊರಬರುವ, ಐವತ್ತು ದಾಟಿದ ಗೃಹಸ್ಥರೊಬ್ಬರನ್ನು ವಾಚಕರು ಕಲ್ಪಿಸಿಕೊಳ್ಳಲಿ. ವೈದ್ಯರು ಕೇಳಿದ್ದಕ್ಕೆಲ್ಲ ಅವರು ಉತ್ತರ ಕೊಟ್ಟಿದ್ದಾರೆ: ಸಕ್ಕರೆ ಕಾಯಿಲೆ ಉಂಟು, ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುತ್ತದೆ. ಒಂದು ಮಾತನ್ನು ಮಾತ್ರ ನುಂಗಿಕೊಂಡಿದ್ದಾರೆ. ಎರಡು ವರ್ಷಗಳಿಂದ ಅವರಿಗೆ ನಿಮಿರು ದೌರ್ಬಲ್ಯವಿದೆ. ಹೃದಯಕ್ಕೂ ಅದಕ್ಕೂ ಏನು ಸಂಬಂಧವೆಂದು ಅವರ ಭಾವನೆ.

ಸಂಬಂಧ ಉಂಟು. ಅದು ಕಣ್ಣಿಗೆ ಕಾಣದ ಒಂದು ಬಾಗಿಲಿನಲ್ಲಿ ಅಡಗಿದೆ.

ಬಾಗಿಲಿನ ಬಗೆ

ರಕ್ತನಾಳಗಳ ಗೋಡೆಯಲ್ಲಿಯೂ, ಪುರುಷಾಂಗದೊಳಗಿನ ಸ್ಪಂಜಿನಂತಹ ಅಂಗಾಂಶದಲ್ಲಿಯೂ ಇರುವುದು ಒಂದೇ ಜಾತಿಯ ನುಣುಪು ಸ್ನಾಯು. ಅದು ಬಿಗಿದಿರುವಷ್ಟು ಹೊತ್ತೂ ರಕ್ತದ ಹರಿವು ಅಲ್ಪ. ಸಡಿಲಿದರೆ ರಕ್ತ ತುಂಬಿಬರುತ್ತದೆ. ಆ ಸ್ನಾಯುಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಅಯಾನುಗಳಿಗೆಂದೇ ಮೀಸಲಾದ ಬಾಗಿಲುಗಳಿವೆ. ಅವು ತೆರೆದಾಗ ಪೊಟ್ಯಾಸಿಯಂ ಹೊರಬೀಳುತ್ತದೆ. ಕೋಶದ ಒಳಗಿನ ಋಣವಿದ್ಯುತ್ತು ಹೆಚ್ಚುತ್ತದೆ. ಒಡನೆಯೇ ಕ್ಯಾಲ್ಸಿಯಂ ಒಳಬರುವ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಕ್ಯಾಲ್ಸಿಯಂ ತಗ್ಗಿತೆಂದರೆ ಸ್ನಾಯುವಿನ ಬಿಗಿತವೂ ಸಡಿಲಿತೆಂದೇ ಅರ್ಥ. ಈ ಬಾಗಿಲಿನ ರಚನೆಯನ್ನು ಬಿಡಿಸಿ ತೋರಿಸಿದ ರಾಡರಿಕ್ ಮೆಕಿನನ್ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಹಾಗಾದರೆ ಈ ಬಾಗಿಲನ್ನು ತೆರೆಯುವ ಔಷಧ ಕೊಟ್ಟರೆ ನಿಮಿರು ದೌರ್ಬಲ್ಯ ನೀಗಬಾರದೇಕೆ? ವಿಜ್ಞಾನಿಗಳೂ ಹೀಗೆಯೇ ಯೋಚಿಸಿದರು. ಪಿನಾಸಿಡಿಲ್, ಕ್ರೋಮಕಾಲಿಮ್ ಮೊದಲಾದ ಔಷಧಗಳು ಪ್ರಯೋಗಶಾಲೆಯಲ್ಲಿ ಆ ಅಂಗಾಂಶದ ತುಣುಕುಗಳನ್ನು ಸಡಿಲಿಸಿದ್ದುಂಟು. ತೊಡಕು ಬೇರೆಡೆ ಇದೆ. ಇಂತಹ ಬಾಗಿಲುಗಳು ಮೈಯ ರಕ್ತನಾಳಗಳಲ್ಲೆಲ್ಲ ಇವೆ. ನುಂಗಿದ ಗುಳಿಗೆಗೆ ಇದು ನನ್ನ ಮನೆ, ಅದು ನೆರೆಮನೆ ಎಂಬ ವಿವೇಕವಿಲ್ಲ. ಎಲ್ಲವನ್ನೂ ತೆರೆದರೆ ರಕ್ತದೊತ್ತಡ ಕುಸಿಯುತ್ತದೆ. ನ್ಯೂಯಾರ್ಕಿನ ಆರ್ನಾಲ್ಡ್ ಮೆಲ್ಮನ್ ಮತ್ತು ಸಂಗಡಿಗರು ಬೇರೊಂದು ಹಾದಿ ಹಿಡಿದು, ಪೊಟ್ಯಾಸಿಯಂ ಬಾಗಿಲನ್ನು ಕಟ್ಟುವ ಜೀನನ್ನೇ ಆ ಅಂಗಕ್ಕೆ ಚುಚ್ಚಿ ನೋಡಿದರು. 2006ರಲ್ಲಿ ಪ್ರಕಟವಾದ ಅವರ ಮೊದಲ ಮಾನವ ಪ್ರಯೋಗದಲ್ಲಿದ್ದವರು 11 ಮಂದಿ. ಆಸೆ ಚಿಗುರಿತಾದರೂ, ಈ ದಾರಿಯ ಔಷಧ ರೋಗಿಯ ಕೈಸೇರುವ ಕಾಲ ಇನ್ನೂ ಬಂದಿಲ್ಲ.

ಬಚ್ಚಿಟ್ಟ ಗುಳಿಗೆ

ಈಗ ನಮ್ಮ ಗೃಹಸ್ಥರ ಚೀಟಿಯನ್ನು ನೋಡೋಣ. ಅದರಲ್ಲಿ ನಿಕೊರಾಂಡಿಲ್ ಎಂಬ ಹೆಸರು ಇರಬಹುದು. ಎದೆನೋವಿಗೆ ಕೊಡುವ ಈ ಔಷಧ ಪೊಟ್ಯಾಸಿಯಂ ಬಾಗಿಲನ್ನು ತೆರೆಯುವುದರ ಜೊತೆಗೆ ನೈಟ್ರೇಟಿನಂತೆಯೂ ವರ್ತಿಸುತ್ತದೆ. ಅಂದರೆ ರಕ್ತನಾಳಗಳನ್ನು ಎರಡು ಬಗೆಯಲ್ಲಿ ಸಡಿಲಿಸುತ್ತದೆ. 1998ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಸಿಲ್ಡೆನಾಫಿಲ್, ಅಂದರೆ ವಯಾಗ್ರ, ನಿಮಿರು ದೌರ್ಬಲ್ಯಕ್ಕೆ ಪ್ರಸಿದ್ಧವಾದ ಗುಳಿಗೆ. ಯಾರಿಗೂ ಹೇಳದೆ ಅದನ್ನು ತಂದು ನುಂಗಿದರೆ, ಎರಡೂ ಕೂಡಿ ರಕ್ತದೊತ್ತಡವನ್ನು ಪಾತಾಳಕ್ಕೆ ಇಳಿಸಬಲ್ಲವು. ಪ್ರಾಣಕ್ಕೇ ಸಂಚಕಾರ! ಆದುದರಿಂದಲೇ ಈ ಎರಡನ್ನೂ ಒಟ್ಟಿಗೆ ಸೇವಿಸಕೂಡದೆಂಬುದು ವೈದ್ಯಶಾಸ್ತ್ರದ ಕಟ್ಟಪ್ಪಣೆ. ಸಿಲ್ಡೆನಾಫಿಲಿಗಾಗಿ ಹೃದಯದ ಔಷಧವನ್ನು ತಾವಾಗಿಯೇ ನಿಲ್ಲಿಸುವುದೂ ಅಷ್ಟೇ ಅಪಾಯಕರ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ಪುರುಷಾಂಗದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಕಿರಿದು. ನಾಳಗಳ ಗೋಡೆ ಕೆಡತೊಡಗಿದಾಗ ಹಲವರಲ್ಲಿ ಅದರ ಫಲ ಮೊದಲು ತೋರುವುದು ಅಲ್ಲಿಯೇ. ಎದೆನೋವು ಬರುವುದು ಕೆಲವು ವರ್ಷಗಳ ಅನಂತರ. ಗೃಹಸ್ಥರು ಎರಡು ವರ್ಷ ಮುಚ್ಚಿಟ್ಟುಕೊಂಡದ್ದು ಬಹುಶಃ ಅವರ ಹೃದಯವೇ ಬರೆದು ಕಳುಹಿಸಿದ್ದ ಮೊದಲ ಓಲೆ. ಅಂದೇ ಅದನ್ನು ವೈದ್ಯರ ಮುಂದೆ ಬಿಚ್ಚಿದ್ದರೆ!

ಈಗಲೂ ಹೊತ್ತು ಮೀರಿಲ್ಲ. ಕೋಶದ ಬಾಗಿಲನ್ನು ತೆರೆಯುವ ಔಷಧ ಬಂದಾಗ ಬರಲಿ. ಬಾಯಿಯ ಬಾಗಿಲನ್ನು ತೆರೆಯಲು ಯಾವ ಔಷಧವೂ ಬೇಕಿಲ್ಲ. ಚೀಟಿಯನ್ನು ಮಡಿಸಿ ಜೇಬಿಗಿಡುವ ಮೊದಲು ಒಮ್ಮೆ ಹಿಂತಿರುಗಿ, "ಡಾಕ್ಟರೇ, ಇನ್ನೊಂದು ಮಾತಿದೆ" ಎಂದರೆ ಸಾಕು.