ದಾರಿ ನಮಗೆ ಕಂಡರೆ ಸಾಲದು, ನಾವೂ ಕಾಣಬೇಕು
ಕತ್ತಲಲ್ಲಿ ಸೈಕಲ್ ಮೇಲೆ ಸಂಘಕ್ಕೆ ಹಾಲು ತರುವ ತಾಯಂದಿರಿಗಾಗಿ

ದೀಪಾವಳಿ ಕಳೆಯಿತೆಂದರೆ ಕುಕನೂರು ಸೀಮೆಯ ಹೈನುಗಾರ ಮಹಿಳೆಯರಿಗೆ ಎರಡೂ ಹೊತ್ತಿನ ಹಾಲು ಕತ್ತಲ ಕೆಲಸವಾಗುತ್ತದೆ. ನವೆಂಬರ್ ಕೊನೆಯಲ್ಲಿ ಇಲ್ಲಿ ಸಂಜೆ 6 ಗಂಟೆಗೂ ಮುಂಚೆಯೇ ಹೊತ್ತು ಮುಳುಗುತ್ತದೆ. ಸಂಕ್ರಾಂತಿ ಬಂದರೆ ಹಗಲು ದೊಡ್ಡದಾಗುತ್ತದೆ ಎನ್ನುತ್ತೇವೆ. ಅದು ನಿಜ, ಆದರೆ ಬೆಳೆಯುವುದು ಸಂಜೆಯ ಕಡೆಗೆ. ನಮ್ಮ ಭಾಗದಲ್ಲಿ ಸೂರ್ಯ ವರ್ಷದಲ್ಲೇ ಅತಿ ತಡವಾಗಿ ಹುಟ್ಟುವುದು ಜನವರಿಯ ಎರಡನೇ ಭಾಗದಲ್ಲಿ, 7 ಗಂಟೆಗೆ ಐದಾರು ನಿಮಿಷ ಇರುವಾಗ. ಜೂನ್‌ನಲ್ಲಿ 6ಕ್ಕೇ ಬೆಳಕಾಗುವ ಅದೇ ಊರು ಜನವರಿಯಲ್ಲಿ ಸುಮಾರು ಒಂದು ತಾಸು ಹೆಚ್ಚು ಕತ್ತಲಲ್ಲಿರುತ್ತದೆ.

ಹಾಲು ಹಿಂಡುವ ಹೊತ್ತು ಮಾತ್ರ ಬದಲಾಗುವುದಿಲ್ಲ. ಎಮ್ಮೆ ಪಂಚಾಂಗ ನೋಡುವುದಿಲ್ಲ, ಹಾಲಿನ ಗಾಡಿಯೂ ನಮಗಾಗಿ ಕಾಯುವುದಿಲ್ಲ. ತೋಟದ ಮನೆಯಿಂದ, ಊರ ಹೊರಗಿನ ಕೊಟ್ಟಿಗೆಯಿಂದ ಸಂಘದವರೆಗೆ ಒಂದೆರಡು ಕಿಲೋಮೀಟರ್ ದಾರಿಯನ್ನು ಎಷ್ಟೋ ಹೆಣ್ಣುಮಕ್ಕಳು ಸೈಕಲ್ ಮೇಲೆ ಸವೆಸುತ್ತಾರೆ. ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್, ಮಗಳು ಮುಂದಿನ ಓದಿಗೆ ಹೋದ ಮೇಲೆ ತಾಯಿಯ ಕೈಗೆ ಬಂದು ಹಾಲಿನ ಸೈಕಲ್ ಆದದ್ದೂ ಉಂಟು. ಅಂಥ ಸೈಕಲ್ಲಿನ ಹಿಂದಿನ ಕೆಂಪು ಬಿಲ್ಲೆ, ಪೆಡಲಿನ ಹಳದಿ ಬಿಲ್ಲೆ ಈಗ ಇವೆಯೇ? ಒಮ್ಮೆ ನೋಡಿಬನ್ನಿ.

ಮೋಸ ಎಲ್ಲಿದೆ?

ದಿನವೂ ಓಡಾಡುವ ದಾರಿ ಕತ್ತಲಲ್ಲೂ ನಮಗೆ ಕಾಣುತ್ತದೆ. ಹತ್ತು ನಿಮಿಷ ಕತ್ತಲಲ್ಲಿದ್ದರೆ ಕಣ್ಣು ಹೊಂದಿಕೊಳ್ಳುತ್ತದೆ. ಚುಕ್ಕಿ ಬೆಳಕಿನಲ್ಲೂ ದಾರಿಯ ಅಂಚು ಗೊತ್ತಾಗುತ್ತದೆ. ಎದುರಿಗೆ ಬರುವ ಲಾರಿಯ ದೀಪವಂತೂ ಅರ್ಧ ಕಿಲೋಮೀಟರ್ ದೂರದಿಂದಲೇ ಕಾಣುತ್ತದೆ. ಆಗ ಮನಸ್ಸು ಹೇಳುತ್ತದೆ: ಅವನು ನನಗೆ ಕಂಡ, ನಾನೂ ಅವನಿಗೆ ಕಂಡಿರುತ್ತೇನೆ.

ಹಾಗಾಗುವುದಿಲ್ಲ. ಚಾಲಕನ ಕಣ್ಣು ಹೊಂದಿಕೊಂಡಿರುವುದು ಅವನ ಗಾಡಿಯ ದೀಪಕ್ಕೆ. ಆ ಬೆಳಕಿನ ಆಚೆ ಇರುವುದೆಲ್ಲ ಅವನಿಗೆ ಬರೀ ಕಪ್ಪು. ನಮ್ಮ ಎರೆಸೀಮೆಯಲ್ಲಿ ಡಾಂಬರೂ ಕಪ್ಪು, ರಸ್ತೆಯ ಪಕ್ಕದ ಮಣ್ಣೂ ಕಪ್ಪು. ಅದರ ನಡುವೆ ಕಡುನೀಲಿ, ಕಡುಹಸಿರು ಅಥವಾ ಕರಿ ಚಂದ್ರಕಾಳಿ ಸೀರೆ ಉಟ್ಟವರು ತಗ್ಗಿಸಿದ ದೀಪದ ಬೆಳಕಿನಲ್ಲಿ ಅವನಿಗೆ ಕಾಣುವುದು ಸುಮಾರು 25ರಿಂದ 30 ಮೀಟರ್ ಹತ್ತಿರ ಬಂದಾಗ.

ಈಗ ಲೆಕ್ಕ ಹಾಕೋಣ. ತಾಸಿಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 16ರಿಂದ 17 ಮೀಟರ್ ಓಡುತ್ತದೆ. ಚಾಲಕ ನೋಡಿ, ತಿಳಿದು, ಬ್ರೇಕ್ ಮೇಲೆ ಕಾಲಿಡಲು ಒಂದೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ 25 ಮೀಟರ್ ಹೋಯಿತು. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಅಷ್ಟೇ ಬೇಕು. ಒಟ್ಟು 50 ಮೀಟರ್. ತುಂಬಿದ ಲಾರಿಗೆ, ಒದ್ದೆ ರಸ್ತೆಗೆ ಇನ್ನೂ ಹೆಚ್ಚು. ನಿಲ್ಲಲು 50 ಮೀಟರ್ ಬೇಕು, ನಾವು ಕಾಣುವುದು 30 ಮೀಟರಿಗೆ. ಇಲ್ಲಿ ಚಾಲಕ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಯೇ ಬರುವುದಿಲ್ಲ.

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ತೀರಿಕೊಂಡವರು 1,68,491 ಜನ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ದಿನದ ಬೇರೆಲ್ಲ ಹೊತ್ತಿಗಿಂತ ಹೆಚ್ಚು ಅಪಘಾತ ನಡೆಯುವುದು ಸಂಜೆ 6ರಿಂದ 9ರೊಳಗೆ. ಅದು ನಮ್ಮ ಸಂಜೆ ಹಾಲಿನ ಹೊತ್ತು.

ಎಮ್ಮೆಯ ಕಣ್ಣು ಕಲಿಸುವ ಪಾಠ

ರಾತ್ರಿ ಕೊಟ್ಟಿಗೆಗೆ ಟಾರ್ಚ್ ಹಿಡಿದು ಹೋದಾಗ ಆಕಳು, ಎಮ್ಮೆಗಳ ಕಣ್ಣು ಕೆಂಡದಂತೆ ಹೊಳೆಯುವುದನ್ನು ನೀವೆಲ್ಲ ನೋಡಿದ್ದೀರಿ. ದನಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇದೆ. ಅದು ಬಿದ್ದ ಬೆಳಕನ್ನು ಬಂದ ಕಡೆಗೇ ವಾಪಸ್ ಕಳಿಸುತ್ತದೆ. ಮನುಷ್ಯರ ಕಣ್ಣಿನಲ್ಲಿ ಆ ಪದರ ಇಲ್ಲ.

ಅಂಗಡಿಯಲ್ಲಿ ಸಿಗುವ ರಿಫ್ಲೆಕ್ಟರ್ ಪಟ್ಟಿ, ಅಂದರೆ ಲಾರಿ, ಟ್ರ್ಯಾಕ್ಟರ್‌ಗಳ ಹಿಂದೆ ಅಂಟಿಸುವ ಮಿನುಗು ಪಟ್ಟಿ ಮಾಡುವುದೂ ಇದೇ ಕೆಲಸವನ್ನು. ಅದರಲ್ಲಿ ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಇರುತ್ತವೆ. ಚಾಲಕನ ದೀಪದ ಬೆಳಕು ಅವನ ಕಣ್ಣಿಗೇ ವಾಪಸ್ ಹೋಗುವುದರಿಂದ 100 ಮೀಟರಿಗಿಂತ ದೂರದಲ್ಲೇ ಅವನಿಗೆ ಎಚ್ಚರವಾಗುತ್ತದೆ. ಇದಕ್ಕೆ ಸೆಲ್ ಬೇಡ, ಕರೆಂಟ್ ಬೇಡ.

ನಮ್ಮ ಸ್ಟೀಲ್ ಕ್ಯಾನ್ ಫಳಫಳ ಹೊಳೆಯುತ್ತದಲ್ಲ, ಅದೇ ಸಾಲದೇ ಎಂದು ಕೇಳಬಹುದು. ಸಾಲದು. ಕ್ಯಾನಿನ ಮೈ ದುಂಡಗಿರುತ್ತದೆ. ಅದರ ಮೇಲೆ ಬಿದ್ದ ಬೆಳಕು ಎಲ್ಲೆಲ್ಲಿಗೋ ಚದುರುತ್ತದೆ, ಚಾಲಕನಿಗೆ ಮರಳುವುದು ಒಂದು ಎಳೆಯಷ್ಟು ಮಾತ್ರ. ಬಿಳಿ ಬಟ್ಟೆ ಕಪ್ಪಿಗಿಂತ ಮೇಲು, ಆದರೆ ಪಟ್ಟಿಗೆ ಅದೂ ಸಮವಲ್ಲ.

ಎಲ್ಲೆಲ್ಲಿ ಅಂಟಿಸಬೇಕು?

ಹಿಂದೆ ಕೆಂಪು: ಹಿಂದಿನ ಮಡ್‌ಗಾರ್ಡಿನ ಕೆಳಭಾಗದಲ್ಲಿ ಅಂಟಿಸಿ. ಸೀಟಿನ ಕೆಳಗೆ ಅಂಟಿಸಿದರೆ ಕ್ಯಾರಿಯರ್ ಮೇಲಿನ ಕಣಿಕೆ ಹೊರೆ, ಹಿಂಡಿ ಚೀಲ ಅದನ್ನು ಮುಚ್ಚುತ್ತದೆ. ಹೊರೆ ಕಟ್ಟಿದ ಮೇಲೆ ಹಿಂದೆ ಬಂದು ನಿಂತು ಕೆಂಪು ಕಾಣುತ್ತದೆಯೇ ನೋಡಿ.

ಮುಂದೆ ಬಿಳಿ: ಹ್ಯಾಂಡಲ್ ಕೆಳಗಿನ ಕೊಳವೆಗೆ ಅಂಟಿಸಿ. ಅಲ್ಲಿ ಕ್ಯಾನ್, ಚೀಲ ತೂಗುಹಾಕಬೇಡಿ.

ಪಕ್ಕಕ್ಕೆ ಹಳದಿ: ಎರಡೂ ಗಾಲಿಗಳ ಕಡ್ಡಿಗೆ ಅಥವಾ ಸೈಕಲ್ಲಿನ ಪಕ್ಕದ ಕೊಳವೆಗೆ. ಅಡ್ಡರಸ್ತೆಯಿಂದ ಬರುವವರಿಗೆ ಇದೇ ಗುರುತು.

ಪೆಡಲ್ ಮತ್ತು ಕಾಲು: ಎಲ್ಲಕ್ಕಿಂತ ಮುಖ್ಯ ಇದು. ಮೇಲೆ ಕೆಳಗೆ ಆಡುವ ಎರಡು ಮಿಣುಕು ಕಂಡರೆ ಚಾಲಕನಿಗೆ ಒಂದೇ ನೋಟಕ್ಕೆ ಅದು ಮೈಲಿಗಲ್ಲಲ್ಲ, ಮನುಷ್ಯರು ಎಂದು ತಿಳಿಯುತ್ತದೆ. ಎದೆಯ ಮೇಲಿನ ಪಟ್ಟಿಗಿಂತ ಕಣಕಾಲಿನ ಪಟ್ಟಿಯಿಂದ ಮನುಷ್ಯರ ಗುರುತು ಬೇಗ ಹತ್ತುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡ ಸಂಗತಿ. ಪೆಡಲಿನ ಎರಡೂ ಅಂಚಿಗೆ ಹಳದಿ ತುಂಡು ಅಂಟಿಸಿ, ಚಪ್ಪಲಿಯ ಹಿಮ್ಮಡಿಗೂ ಒಂದು ಇರಲಿ.

ಕ್ಯಾನ್: ಹೊರಮೈ ನಡುವೆ ಸುತ್ತಲೂ ಒಂದು ಪಟ್ಟಿ. ಬಾಯಿ, ಮುಚ್ಚಳದ ಹತ್ತಿರ ಬೇಡ, ಅಲ್ಲಿ ಅಂಟಿನ ಸಂದಿಯಲ್ಲಿ ಹಾಲು ಕುಳಿತು ಹುಳಿಯಾಗುತ್ತದೆ.

ಅಂಟಿಸುವ ಮುಂಚೆ ಜಾಗವನ್ನು ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಜಿಡ್ಡು, ಎಣ್ಣೆ, ಧೂಳು ಇದ್ದರೆ ಪಟ್ಟಿ ವಾರದಲ್ಲಿ ಏಳುತ್ತದೆ. ಸಗಣಿ ಮೆತ್ತಿದ ಪಟ್ಟಿ ಕೆಲಸ ಮಾಡುವುದಿಲ್ಲ. ಕ್ಯಾನ್ ತೊಳೆದ ಮೇಲೆ ಉಳಿದ ನೀರಿನಲ್ಲಿ ಅದನ್ನೂ ಒಮ್ಮೆ ಒರೆಸಿದರೆ ಸಾಕು. ಪಟ್ಟಿಗೆ ಆಗುವ ಖರ್ಚು ಒಂದು ಚೀಲ ಪಶು ಆಹಾರದ ಬೆಲೆಯ ಸಣ್ಣ ಪಾಲು.

ಪಟ್ಟಿ ಇದ್ದರೂ ದೀಪ ಬೇಕು

ಪಟ್ಟಿ ಬೆಳಗುವುದು ಎದುರಿನವನ ದೀಪ ನಮ್ಮ ಮೇಲೆ ಬಿದ್ದಾಗ ಮಾತ್ರ. ದೀಪವೇ ಇಲ್ಲದ ಟ್ರ್ಯಾಕ್ಟರು ಬಂದರೆ ಅದರಿಂದ ಪ್ರಯೋಜನವಿಲ್ಲ. ಮುಂದೆ ಒಂದು ಬಿಳಿ ದೀಪ, ಹಿಂದೆ ಒಂದು ಕೆಂಪು ದೀಪ ಇರಲಿ. ಹಿಂದೆ ಸೈಕಲ್ಲಿಗೆ ಡೈನಮೋ ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಡೈನಮೋಗೆ ಒಂದು ಕೊರತೆ ಇತ್ತು, ಸೈಕಲ್ ನಿಂತರೆ ದೀಪವೂ ಆರುತ್ತಿತ್ತು. ಈಗಿನ ಚಾರ್ಜ್ ಮಾಡುವ ಎಲ್‌ಇಡಿ ದೀಪಕ್ಕೆ ಆ ತೊಂದರೆ ಇಲ್ಲ. ಮುಂದಿನ ದೀಪದ ಮುಖ ನೆಲದ ಕಡೆ ಸ್ವಲ್ಪ ಬಾಗಿರಲಿ. ನೇರ ಹಿಡಿದರೆ ಎದುರಿನವರ ಕಣ್ಣು ಕೋರೈಸುತ್ತದೆ, ನಮಗೂ ಕುಳಿ ಕಾಣುವುದಿಲ್ಲ. ಒಂದು ಕೈಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಸೈಕಲ್ ತುಳಿಯುವುದು ಬೇಡವೇ ಬೇಡ. 10 ಲೀಟರ್ ಹಾಲು 10 ಕಿಲೋಗಿಂತ ತುಸು ಹೆಚ್ಚೇ ತೂಗುತ್ತದೆ. ಆ ತೂಕ ಒಂದು ಕೈಗೆ ನಿಲ್ಲುವುದಿಲ್ಲ. ಎರಡು ಕ್ಯಾನ್ ಇದ್ದರೆ ಕ್ಯಾರಿಯರ್‌ನ ಎರಡೂ ಪಕ್ಕಕ್ಕೆ ಸಮವಾಗಿ ಕಟ್ಟಿ. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ಗಾಲಿಗೆ ಜಾಳಿಗೆ ಹಾಕಿಸಿ.

ದಾರಿಯಲ್ಲಿ

ಸೈಕಲ್ ಮೇಲಿದ್ದರೆ ರಸ್ತೆಯ ಎಡಗಡೆ. ಆದರೆ ಡಾಂಬರಿನ ಕಿತ್ತ ಅಂಚಿನ ಮೇಲೆಯೇ ಹೋಗಬೇಡಿ, ಗಾಲಿ ಎರೆಮಣ್ಣಿಗೆ ಜಾರಿದರೆ ಕ್ಯಾನ್ ಸಮೇತ ಬೀಳುತ್ತೀರಿ. ಅಂಚಿನಿಂದ ಒಂದೆರಡು ಅಡಿ ಒಳಗೆ, ನೇರ ಗೆರೆಯಲ್ಲಿ ಹೋಗಿ. ಕ್ಯಾನ್ ಹೊತ್ತು ನಡೆಯುವವರು ರಸ್ತೆಯ ಬಲಗಡೆ, ಗಾಡಿಗಳಿಗೆ ಎದುರಾಗಿ ನಡೆಯಿರಿ. ಎದುರಿನ ದೀಪ ಕಣ್ಣು ಕುಕ್ಕಿದರೆ ಅದನ್ನೇ ದಿಟ್ಟಿಸಬೇಡಿ. ವೇಗ ತಗ್ಗಿಸಿ, ಎಡ ಅಂಚನ್ನು ನೋಡಿ, ಬೇಕಾದರೆ ಇಳಿದು ನಿಲ್ಲಿ. ಗಾಡಿ ದಾಟಿದ ಮೇಲೂ ಕಣ್ಣು ತಿಳಿಯಾಗಲು ಕೆಲವು ಸೆಕೆಂಡ್ ಬೇಕು.

ಭಾನಾಪುರದ ಬಳಿ ಗದಗ–ಕೊಪ್ಪಳ ಹೆದ್ದಾರಿ ದಾಟುವವರು ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡೇ ದಾಟಿರಿ. ಸುಗ್ಗಿಯಲ್ಲಿ ರಸ್ತೆಯ ಮೇಲೆ ರಾಶಿ ಹಾಕಿ ಸುತ್ತ ಕಲ್ಲಿಡುವ ರೂಢಿ ಇದೆ. ಕತ್ತಲಲ್ಲಿ ಆ ಕಲ್ಲು ಸೈಕಲ್ಲಿಗೂ ಬೈಕಿಗೂ ಕಂಟಕ. ರಾಶಿ ನಮ್ಮದೇ ಆಗಿದ್ದರೆ ಸಂಜೆಯಾಗುವ ಮುಂಚೆ ಕಲ್ಲು ತೆಗೆಸೋಣ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ರಾತ್ರಿಯಿಡೀ ಜನ, ಗಾಡಿ ಓಡಾಡುವಾಗ ಇನ್ನಷ್ಟು ಎಚ್ಚರ ಬೇಕು.

ಕಾಣದಿದ್ದರೇ ಕ್ಷೇಮ ಎನ್ನುವವರಿಗೆ

ಒಂದು ಮಾತನ್ನು ಮುಚ್ಚಿಡಬೇಕಿಲ್ಲ. ಕತ್ತಲಲ್ಲಿ ಒಂಟಿ ಹೆಂಗಸು ಯಾರ ಕಣ್ಣಿಗೂ ಬೀಳದಿದ್ದರೇ ಒಳ್ಳೆಯದು ಎಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಮಿನುಗು ಪಟ್ಟಿ, ದೀಪ ಹಾಕಿಕೊಂಡು ಎಲ್ಲರಿಗೂ ತೋರಿಸಿಕೊಂಡು ಹೋಗಲು ಹಿಂಜರಿಯುವುದು ಅದರಿಂದಲೇ. ಆ ಭಯ ಸುಳ್ಳಲ್ಲ. ಆದರೆ ಅದಕ್ಕೆ ಮದ್ದು ಕತ್ತಲಲ್ಲ, ಜೊತೆ. ಒಂದೇ ಓಣಿಯ, ಒಂದೇ ತೋಟದ ದಾರಿಯ ಮೂರು ನಾಲ್ಕು ಜನ ಹೊತ್ತು ಗೊತ್ತು ಮಾಡಿಕೊಂಡು ಒಟ್ಟಿಗೆ ಹೊರಡಿ. ಎಲ್ಲರ ಹಿಂದೆ ಹೋಗುವವರಿಗೆ ಕೆಂಪು ದೀಪ ಇರಲಿ. ಸಾಲಾಗಿ ಹೋಗುವ ನಾಲ್ಕು ಸೈಕಲ್ಲು ಚಾಲಕನಿಗೂ ಚೆನ್ನಾಗಿ ಕಾಣುತ್ತವೆ, ದುಷ್ಟರಿಗೂ ಧೈರ್ಯ ಸಾಲುವುದಿಲ್ಲ. ಯಾರಾದರೂ ಹಿಂಬಾಲಿಸಿದರೆ, ಅಡ್ಡಗಟ್ಟಿದರೆ 112ಕ್ಕೆ ಕರೆ ಮಾಡಿ.

ಆಗಬಾರದ್ದು ಆದರೆ

ಅಪಘಾತವಾದರೆ ಮೊದಲು 108 ಅಥವಾ 112. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಪೊಲೀಸ್ ಕಾಟ ಎಂಬ ಅಂಜಿಕೆ ಬೇಡ. ಒಳ್ಳೆಯ ಮನಸ್ಸಿನಿಂದ ನೆರವಾದವರನ್ನು ಮೋಟಾರು ವಾಹನ ಕಾಯ್ದೆಯ 134ಎ ಕಲಮು ರಕ್ಷಿಸುತ್ತದೆ. ಮೋಟಾರು ವಾಹನದಿಂದ ಗಾಯಗೊಂಡವರಿಗೆ ಅಪಘಾತದ ದಿನದಿಂದ 7 ದಿನಗಳವರೆಗೆ, 1.5 ಲಕ್ಷ ರೂಪಾಯಿಯವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇನಲ್ಲಿ ತಂದಿದೆ. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೂ ಪರಿಹಾರ ಉಂಟು: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಇದಕ್ಕಾಗಿ ಪೊಲೀಸ್ ದೂರು ದಾಖಲಾಗಿರಬೇಕು.

ಹಾಲಿನ ಬಟವಾಡೆ ಜಮೆಯಾಗುವ ಬ್ಯಾಂಕ್ ಖಾತೆಯಲ್ಲೇ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಬಹುದು. 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿ ಕಂತು, ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ವಿಮೆ. ರಾಸಿಗೆ ವಿಮೆ ಮಾಡಿಸಿ ಕಿವಿಗೆ ಓಲೆ ಹಾಕಿಸುವ ನಾವು ನಮ್ಮ ಹೆಸರಿನಲ್ಲಿ ಇದನ್ನು ಮಾಡಿಸಿದ್ದೇವೆಯೇ ಎಂದು ಪಾಸ್‌ಬುಕ್ ತೆಗೆದು ನೋಡೋಣ. ಕಂತು ಕಡಿತವಾಗುವುದು ಮೇ ಕೊನೆಯ ಹೊತ್ತಿಗೆ. ಆಗ ಖಾತೆಯಲ್ಲಿ ಹಣ ಇರಲಿ.

ಸಂಘದಲ್ಲಿ ಒಂದು ಸಂಜೆ

ಇದನ್ನು ಒಬ್ಬೊಬ್ಬರೇ ಮಾಡುವುದಕ್ಕಿಂತ ಸಂಘದಲ್ಲಿ ಒಟ್ಟಿಗೆ ಮಾಡುವುದು ಸುಲಭ. ಪಟ್ಟಿಯ ಸುರುಳಿ ಒಂದನ್ನು ತಂದರೆ ಹಲವು ಸೈಕಲ್ಲಿಗೆ ಆಗುತ್ತದೆ. ಸಂಜೆ ಹಾಲು ಅಳೆದಾದ ಮೇಲೆ ಒಂದು ಪರೀಕ್ಷೆ ಮಾಡಿ ನೋಡಿ. ಗಾಡಿ ಓಡಾಡದ ಕಡೆ ಒಬ್ಬರು ಸೈಕಲ್ ಹಿಡಿದು ನಿಲ್ಲಲಿ. ಉಳಿದವರು ನೂರು ಹೆಜ್ಜೆ ದೂರದಲ್ಲಿ, ದೀಪ ತಗ್ಗಿಸಿ ಹಚ್ಚಿದ ಬೈಕಿನ ಹಿಂದೆ ನಿಂತು ನೋಡಲಿ. ಮೊದಲು ಪಟ್ಟಿ ಇಲ್ಲದ ಸೈಕಲ್, ಆಮೇಲೆ ಪಟ್ಟಿ ಹಚ್ಚಿದ ಸೈಕಲ್. ಚಾಲಕನಿಗೆ ನಾವು ಹೇಗೆ ಕಾಣುತ್ತೇವೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಸಂಘದ ಮುಂದಿನ, ತೋಟದ ದಾರಿ ಸೇರುವ ತಿರುವಿನ ಕಂಬದ ದೀಪ ಕೆಟ್ಟಿದ್ದರೆ ಆಡಳಿತ ಮಂಡಳಿಯ ಸಭೆಯಲ್ಲಿ ಠರಾವು ಮಾಡಿ ಪಂಚಾಯಿತಿಗೆ ಬರೆದು ಕೊಡಿ, ಗ್ರಾಮಸಭೆಯಲ್ಲೂ ಕೇಳಿ. ಬೀದಿದೀಪ ಪಂಚಾಯಿತಿಯ ಹೊಣೆ. ಪಟ್ಟಿ ಉಳಿದರೆ ಚಕ್ಕಡಿಯ ಹಿಂಭಾಗಕ್ಕೆ, ಸಂಜೆ ಮೇದು ಬರುವ ಎಮ್ಮೆಯ ಕೊರಳ ಪಟ್ಟಿಗೂ ಹಚ್ಚಿ. ಎಮ್ಮೆಯ ಕಣ್ಣು ಹೊಳೆಯುವುದು ಅದು ಗಾಡಿಯ ಕಡೆ ಮುಖ ಮಾಡಿದಾಗ ಮಾತ್ರ.