ಜಪಾನಿನ ಹಳ್ಳಿಯ ಹಿತ್ತಲು ಮತ್ತು ನೆರೆಹೊರೆ

ಜಪಾನಿನ ನೆಲದಲ್ಲಿ ಸುಮಾರು ಮೂರನೆಯ ಎರಡು ಪಾಲು ಕಾಡಿರುವುದರಿಂದ, ಅಲ್ಲಿನ ಅನೇಕ ಹಳ್ಳಿಗಳು ಬೆಟ್ಟದ ಬುಡವೂ ಗದ್ದೆಬಯಲೂ ಸಂಧಿಸುವ ಕಿರಿದಾದ ಅಂಚಿನಲ್ಲಿ ಬೆಳೆದುಬಂದಿವೆ. ಸೌದೆ, ಇದ್ದಿಲು, ತರಗೆಲೆಗಳಿಗಾಗಿ ಜನರು ತಲೆಮಾರುಗಳಿಂದ ಬಳಸಿದ ಕಾಡು, ಅದರ ಕೆಳಗಿನ ಕಾಲುವೆ, ಗದ್ದೆ, ಮನೆಗಳು ಎಲ್ಲವೂ ಸೇರಿದ ಈ ಭೂಭಾಗಕ್ಕೆ ‘ಸತೊಯಾಮ’ ಎಂದು ಹೆಸರು. ಇದನ್ನು ಕುರಿತು ಬರೆಯುವವರ ಕಣ್ಣು ಸಾಮಾನ್ಯವಾಗಿ ಭತ್ತದ ಗದ್ದೆಯ ಮೇಲೆಯೇ ನೆಟ್ಟಿರುತ್ತದೆ. ಆದರೆ ಮನೆಮನೆಗಳ ನಡುವಿನ ಸಂಬಂಧವನ್ನು ಅರಿಯಬೇಕಾದರೆ, ಮನೆಯ ಪಕ್ಕದಲ್ಲಿಯೇ ಇರುವ ‘ಹತಾಕೆ’ ಎಂಬ ಚಿಕ್ಕ ತರಕಾರಿ ಹೊಲವನ್ನು ನೋಡುವುದು ಹೆಚ್ಚು ಫಲಕಾರಿ.

ಹತಾಕೆಯ ಕೆಲಸಕ್ಕೆ ಊರಿಗೆಲ್ಲ ಹೆಚ್ಚುಕಡಿಮೆ ಒಂದೇ ಪಂಚಾಂಗ. ಫೆಬ್ರವರಿ 4ರ ಸುಮಾರಿಗೆ ಬರುವ ವಸಂತಾರಂಭದಿಂದ ಎಣಿಸಿದರೆ 88ನೆಯ ದಿನವು ಮೇ 2ರ ಹೊತ್ತಿಗೆ ಬರುತ್ತದೆ. ಆ ವೇಳೆಗೆ ಎಳೆಯ ಸಸಿಗಳನ್ನು ಸುಡುವ ಕೊನೆಯ ಹಿಮ ಕಳೆದಿರುತ್ತದೆಂಬ ನಂಬಿಕೆಯಿಂದ ಬದನೆ, ಸೌತೆ, ಟೊಮೇಟೊ ಸಸಿಗಳನ್ನು ನೆಡುತ್ತಾರೆ, ಬೇಸಿಗೆ ಮುಗಿಯುತ್ತ ಬಂದಾಗ ‘ದೈಕೊನ್’ ಎಂಬ ಉದ್ದನೆಯ ಬಿಳಿ ಮೂಲಂಗಿಯನ್ನು ಬಿತ್ತುತ್ತಾರೆ. ಎಲ್ಲರೂ ಒಂದೇ ಬೆಳೆಯನ್ನು ಒಂದೇ ವಾರದಲ್ಲಿ ಹಾಕುವುದರಿಂದ ಎಲ್ಲರ ಮನೆಯಲ್ಲಿಯೂ ಸೌತೆಕಾಯಿ ಒಮ್ಮೆಲೇ ಮಿಕ್ಕುತ್ತದೆ. ಆದರೂ ಸೌತೆ ಬೆಳೆದ ಮನೆಯಿಂದ ಸೌತೆ ಬೆಳೆದ ಇನ್ನೊಂದು ಮನೆಗೆ ಸೌತೆಕಾಯಿ ಹೋಗುವುದು ತಪ್ಪುವುದಿಲ್ಲ. ಅಂದರೆ ‘ಒಸುಸೊವಾಕೆ’ ಎಂಬ ಈ ಹಂಚಿಕೆಯ ಮೂಲದಲ್ಲಿರುವುದು ಕೊರತೆಯಲ್ಲ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಕಾಯಿಯನ್ನು ಬಾಗಿಲ ಬಳಿ ಇಟ್ಟು ಹೋಗುತ್ತಾರೆ. ಪಡೆದವರು ಕೆಲವು ದಿನಗಳಲ್ಲಿ ಉಪ್ಪಿನಕಾಯಿಯನ್ನೋ ಹಣ್ಣನ್ನೋ ಹಿಂದಿರುಗಿಸುತ್ತಾರೆ. ಹಿಂದಿರುಗಿಸಿದ್ದು ತೀರಾ ದೊಡ್ಡದಾದರೆ ಕೊಟ್ಟವರಿಗೆ ಮುಜುಗರವಾಗುವುದರಿಂದ, ಋಣ ಪೂರ್ತಿ ತೀರದಂತೆ ಅಷ್ಟಿಷ್ಟನ್ನು ಉಳಿಸಿಕೊಳ್ಳುವುದೇ ಇಲ್ಲಿನ ಜಾಣತನ.

ಶರತ್ಕಾಲದಲ್ಲಿ ಈ ಕೊಡುಕೊಳ್ಳುವಿಕೆಯ ನಡುವೆ ನಿಲ್ಲುವುದು ಅಂಗಳದ ಕಾಕಿ ಮರ, ಎಂದರೆ ಪರ್ಸಿಮನ್. ಇದರ ಒಗರು ಜಾತಿಯ ಹಣ್ಣನ್ನು ಮರದಿಂದ ಕಿತ್ತ ಕೂಡಲೇ ಬಾಯಿಗಿಡಲಾಗದು. ಅದಕ್ಕಾಗಿ ತೊಟ್ಟಿನೊಂದಿಗೆ ಸ್ವಲ್ಪ ಕಡ್ಡಿಯನ್ನೂ ಉಳಿಸಿಕೊಂಡು ಕೊಯ್ದು, ಸಿಪ್ಪೆ ಹೆರೆದು, ಬೂಷ್ಟು ಹಿಡಿಯದಂತೆ ಕುದಿನೀರಿನಲ್ಲಿ ಕೆಲವೇ ಕ್ಷಣ ಅದ್ದಿ, ಕಡ್ಡಿಗೆ ದಾರ ಬಿಗಿದು, ಮಳೆ ತಾಗದ ಆದರೆ ಗಾಳಿ ಆಡುವ ಸೂರಿನಡಿಯಲ್ಲಿ ಸಾಲಾಗಿ ತೂಗುಹಾಕುತ್ತಾರೆ. ಹೊರಮೈ ಒಣಗಿ ಪೊರೆಗಟ್ಟಿದ ಮೇಲೆ ಪ್ರತಿಯೊಂದು ಹಣ್ಣನ್ನೂ ಬೆರಳುಗಳಿಂದ ಮೆಲ್ಲನೆ ಹಿಚುಕಿ ಒಳಗಿನ ತಿರುಳನ್ನು ಹದಗೊಳಿಸುತ್ತಾರೆ. ವಾರಗಳು ಕಳೆದಂತೆ ಒಗರಿನ ಟ್ಯಾನಿನ್ ಕರಗದ ರೂಪಕ್ಕೆ ತಿರುಗಿ ನಾಲಿಗೆಗೆ ತಾಗದಂತಾಗುತ್ತದೆ, ಹಣ್ಣಿನದೇ ಸಕ್ಕರೆ ಮೇಲೆ ಬಿಳಿಯ ಪುಡಿಯಾಗಿ ಮೂಡುತ್ತದೆ. ಹೀಗೆ ಸಿದ್ಧವಾಗುವ ‘ಹೊಶಿಗಾಕಿ’ ನೆರೆಮನೆಗೂ, ಪಟ್ಟಣದಲ್ಲಿರುವ ಮಕ್ಕಳ ಮನೆಗೂ ಹೋಗುತ್ತದೆ. ಮುಂದಿನ ವರ್ಷವೂ ಫಲ ಬರಲೆಂದು ಮರದ ತುದಿಯಲ್ಲಿ ಒಂದೆರಡು ಹಣ್ಣುಗಳನ್ನು ಕೀಳದೆ ಬಿಡುವ ಸಂಪ್ರದಾಯವೂ ಉಂಟು. ಅವು ಹಕ್ಕಿಗಳ ಪಾಲು.

ಆದರೆ ನೆರೆಹೊರೆಯೆಂಬುದು ಸಿಹಿ ಹಣ್ಣಿನ ವಿನಿಮಯದಷ್ಟಕ್ಕೇ ನಿಲ್ಲುವುದಿಲ್ಲ. ಊರಿನ ಸಂಘದ ಸೂಚನೆಗಳನ್ನು ಒಳಗೊಂಡ ‘ಕೈರಾನ್‌ಬಾನ್’ ಎಂಬ ಕಡತವು ಮನೆಯಿಂದ ಮನೆಗೆ ಕೈಯಲ್ಲಿಯೇ ಸಾಗಬೇಕು. ಕಾಲುವೆಯ ಹೂಳೆತ್ತಲು, ದಾರಿಯ ಬದಿಯ ಹುಲ್ಲು ಕೊಯ್ಯಲು ಗೊತ್ತಾದ ದಿನದಂದು ಮನೆಗೊಬ್ಬರಂತೆ ಬರಬೇಕು. ಮಲೆನಾಡಿನ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ‘ಯುಯಿ’ ಎಂಬ ಜಪಾನಿ ಪದ್ಧತಿ ಅಪರಿಚಿತವೆನಿಸದು: ನಾಟಿಗೂ ಸೂರು ಹೊದಿಸಲಿಕ್ಕೂ ಒಬ್ಬರಿಗೊಬ್ಬರು ದುಡಿಮೆಯನ್ನು ಕೊಟ್ಟು ತೀರಿಸುವ ಈ ಕ್ರಮದಿಂದಲೇ, 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಶಿರಾಕಾವಾ-ಗೋ ಹಳ್ಳಿಯ ಕಡಿದಾದ ಹುಲ್ಲುಸೂರುಗಳು ಉಳಿದುಬಂದವು. ಇದೇ ಕಟ್ಟಿನ ಇನ್ನೊಂದು ಮುಖ ‘ಮುರಾಹಾಚಿಬು’. ಊರಿನ ಕಟ್ಟಳೆ ಮೀರಿದ ಮನೆಯೊಂದಿಗೆ ಬೆಂಕಿ ಮತ್ತು ಸಾವಿನ ಸಂದರ್ಭಗಳನ್ನು ಬಿಟ್ಟು ಉಳಿದೆಲ್ಲ ವ್ಯವಹಾರವನ್ನೂ ಕಡಿದುಕೊಳ್ಳುತ್ತಿದ್ದ ಈ ಬಹಿಷ್ಕಾರದ ಕ್ರೌರ್ಯವನ್ನು ಮರೆತು ಹಳ್ಳಿಯ ಒಗ್ಗಟ್ಟನ್ನು ಹೊಗಳುವುದು ನ್ಯಾಯವಲ್ಲ.

ಕಳೆಯ ವಿಷಯದಲ್ಲಿಯೂ ನೆರೆಯವರ ಕಣ್ಣಿರುತ್ತದೆ. ಸಹಜ ಕೃಷಿಯ ಮೂಲಕ ಕನ್ನಡ ಓದುಗರಿಗೆ ಪರಿಚಿತರಾದ ಮಸನೊಬು ಫುಕುವೋಕಾ ಅವರು ಶಿಕೊಕು ದ್ವೀಪದ ಎಹಿಮೆ ಪ್ರಾಂತದಲ್ಲಿ ಉಳುಮೆಯಿಲ್ಲದೆ, ಕಳೆಯನ್ನು ನಿರ್ಮೂಲ ಮಾಡದೆ ಬೆಳೆ ತೆಗೆದರು. ಆದರೆ ಸಾಮಾನ್ಯ ಹಳ್ಳಿಯ ರೂಢಿ ಅವರ ದಾರಿಗಿಂತ ಬಹಳ ದೂರ. ಒಬ್ಬರ ಹೊಲದ ಕಳೆಬೀಜ ಮತ್ತು ಕೀಟಗಳು ಪಕ್ಕದ ಹೊಲಕ್ಕೆ ದಾಟುವುದರಿಂದ, ಏರುಮಡಿಗಳ ನಡುವೆ ಹುಲ್ಲು ನಿಲ್ಲದಂತೆ ನೋಡಿಕೊಳ್ಳುವುದು ಅಲ್ಲಿ ಬೇಸಾಯದ ಕೆಲಸ ಎನ್ನುವುದಕ್ಕಿಂತ ನೆರೆಯವರಿಗೆ ತೋರುವ ಮರ್ಯಾದೆಯೇ ಆಗಿದೆ.

ಈ ಇಡೀ ವ್ಯವಸ್ಥೆ ಈಗ ಮುದುಕರ ಹೆಗಲ ಮೇಲಿದೆ. 2020ರ ಕೃಷಿ ಗಣತಿಯ ಪ್ರಕಾರ ಜಪಾನಿನಲ್ಲಿ ಬೇಸಾಯವನ್ನೇ ಮುಖ್ಯ ಕಸುಬಾಗಿಸಿಕೊಂಡವರ ಸರಾಸರಿ ವಯಸ್ಸು 67.8 ವರ್ಷ, 2023ರ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ ಬಿದ್ದಿವೆ. ಖಾಲಿ ಮನೆಯ ಅಂಗಳದಲ್ಲಿ ಕಾಕಿ ಮರ ಎಂದಿನಂತೆ ಹಣ್ಣು ಬಿಡುತ್ತದೆ, ಕೀಳುವವರಿರುವುದಿಲ್ಲ. ಹೊನ್ಶು ದ್ವೀಪದ ಬೆಟ್ಟದಂಚಿನ ಊರುಗಳಲ್ಲಿ ಆ ಹಣ್ಣು ಕರಡಿಗಳನ್ನು ಮನೆಗಳ ನಡುವೆಯೇ ಎಳೆದು ತರುತ್ತಿರುವುದರಿಂದ, ಹಣ್ಣನ್ನು ಬೇಗ ಕೊಯ್ಯಿರಿ, ಆಗದಿದ್ದರೆ ಮರವನ್ನೇ ಕಡಿಯಿರಿ ಎಂದು ಅನೇಕ ಸ್ಥಳೀಯ ಆಡಳಿತಗಳು ಕೇಳಿಕೊಳ್ಳುತ್ತಿವೆ. ನೆರೆಮನೆಗೆ ಉಡುಗೊರೆಯಾಗಿ ಹೋಗುತ್ತಿದ್ದ ಹಣ್ಣು ಅದೇ ನೆರೆಮನೆಗೆ ಅಪಾಯವಾಗುವುದು ಅತ್ಯಂತ ದುಃಖದ ಬದಲಾವಣೆ. ಕಾಡುಹಂದಿಯನ್ನು ತಡೆಯುವ ವಿದ್ಯುತ್ ಬೇಲಿಗೂ ಆಳಿಲ್ಲದ ಇದೇ ಪಾಡು. ತಂತಿಗೆ ಹುಲ್ಲು ತಾಗಿದರೆ ವಿದ್ಯುತ್ತು ನೆಲಕ್ಕೆ ಸೋರಿ ಬೇಲಿ ದುರ್ಬಲವಾಗುತ್ತದೆ, ಆದರೆ ಹುಲ್ಲು ಕೊಯ್ಯುವ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ಹೊಸಬರು ಬಂದು ನೆಲೆಸದೆ ಇದಕ್ಕೆ ಪರಿಹಾರವಿಲ್ಲ. ಸಾಮಾನ್ಯವಾಗಿ 50 ಆರ್, ಎಂದರೆ ಸುಮಾರು ಒಂದೂಕಾಲು ಎಕರೆಗಿಂತ ಕಡಿಮೆ ಸಾಗುವಳಿ ಹೊಂದುವವರಿಗೆ ಕೃಷಿಭೂಮಿ ಕೊಳ್ಳಲು ಬಿಡದಿದ್ದ ನಿಯಮವನ್ನು ಜಪಾನ್ 2023ರ ಏಪ್ರಿಲ್‌ನಲ್ಲಿ ತೆಗೆದುಹಾಕಿತು. ಹೀಗಾಗಿ ಖಾಲಿ ಮನೆಯನ್ನು ಕೊಳ್ಳುವವರು ಅದರ ಪಕ್ಕದ ಚಿಕ್ಕ ಹತಾಕೆಯನ್ನೂ ಕೊಳ್ಳುವ ದಾರಿ ತೆರೆದಿದೆ. ಅದಕ್ಕೆ ಸ್ಥಳೀಯ ಕೃಷಿ ಸಮಿತಿಯ ಒಪ್ಪಿಗೆ ಮಾತ್ರ ಈಗಲೂ ಬೇಕು, ಮತ್ತು ಹೊಸಬರ ಬೇಸಾಯದಿಂದ ಸುತ್ತಲಿನ ಹೊಲಗಳಿಗೆ ಅಡ್ಡಿಯಾಗುವುದೇ ಎಂಬುದನ್ನು ಆ ಸಮಿತಿ ಇಂದಿಗೂ ಪರಿಶೀಲಿಸುತ್ತದೆ.